ಮಧ್ಯಾಹ್ನ ನಿದ್ದೆ ಮಾಡದ ವೆಂಗ್

ವೆಂಗ್ ಶುನ್-ಲಿಯನ್ನು ಮೊದಲು ಕಂಡ ದಿನವೇ ಯಾನ್ ಬಿ-ಯುನ್‌ಗೆ ಅವನ ಮೇಲೆ ಅನುಮಾನ ಹುಟ್ಟಿತು. ಕಾವೋಶಿಯುಂಗ್ ಬಂದರಿನ ಆ ಮೀನಿನ ಶೀತಗೃಹದಲ್ಲಿ ಅವಳು ಕಚೇರಿಯ ಮೇಲ್ವಿಚಾರಕಿ. ಊಟವಾದೊಡನೆ ಅವಳೇ ಎದ್ದು ದೀಪ ಆರಿಸುವಳು; ಎಲ್ಲರೂ ಮೇಜಿನ ಮೇಲೆ ದಿಂಬಿಟ್ಟು ಒಂದು ನಿದ್ದೆ ತೆಗೆಯುವರು. ಹೊಸದಾಗಿ ಬಂದ ಎಂಜಿನಿಯರ್ ವೆಂಗ್ ಮಾತ್ರ ಆ ಕತ್ತಲಲ್ಲಿ ಕಂಪ್ಯೂಟರಿನ ಮುಂದೆ ಕುಳಿತೇ ಇದ್ದ.

"ಮಲಗಪ್ಪಾ, ಕೆಲಸ ಎಲ್ಲೂ ಓಡಿಹೋಗಲ್ಲ."

"ಹಗಲು ಮಲಗಿದ್ರೆ ನಂಗೆ ತಲೆನೋವು ಬರುತ್ತೆ, ಯಾನ್ ಅಕ್ಕ."

ಅವನನ್ನು ಕರೆಸಿದ್ದು ಒಂದು ಕಾಟ ಬಿಡಿಸಲಿಕ್ಕೆ. ದಿನಾ ಎಲ್ಲರೂ ನಿದ್ದೆಯಿಂದ ಏಳುವಷ್ಟರಲ್ಲಿ ದಾಸ್ತಾನು ನೋಡಿಕೊಳ್ಳುವ ತಂತ್ರಾಂಶ ಕಲ್ಲಿನಂತೆ ನಿಂತಿರುತ್ತಿತ್ತು. ಹೊರಗೆ ಮೀನು ಹೊತ್ತ ಲಾರಿಗಳು ಬಿಸಿಲಲ್ಲಿ ಕಾಯುತ್ತಿದ್ದವು. ತಿಂಗಳೊಳಗೆ ಸರಿಯಾಗದಿದ್ದರೆ ಮನೆಗೆ ಹೋಗಬೇಕೆಂದು ಧಣಿ ವೆಂಗ್‌ಗೆ ಮೊದಲೇ ಹೇಳಿಬಿಟ್ಟಿದ್ದರು. ತಂತ್ರಾಂಶ ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುವ ಲಾಗ್ ಕಡತವನ್ನು ಯಾರೋ ನಿಲ್ಲಿಸಿಟ್ಟಿದ್ದರು. ವೆಂಗ್ ಬಂದ ವಾರವೇ ಅದನ್ನು ಮತ್ತೆ ಶುರುಮಾಡಿದ.

ಆದರೆ ಬೆಳಿಗ್ಗೆ ಇದ್ದ ಕಡತ ಮಧ್ಯಾಹ್ನದ ಮೇಲೆ ಇರುತ್ತಿರಲಿಲ್ಲ.

ಎಲ್ಲರೂ ಮಲಗಿದಾಗ ಎಚ್ಚರವಿರುವವನು ಅವನೊಬ್ಬನೇ. ಎದುರಿನ ಶೀತಗೃಹದವರು ಇವನನ್ನು ಕೊಂಡುಕೊಂಡಿರಬಹುದೆಂಬ ಗುಸುಗುಸು ಬಿ-ಯುನ್‌ಳ ಕಿವಿಗೂ ಬಿತ್ತು. ಅಂದಿನಿಂದ ಅವಳು ಮುಖದ ಮೇಲೆ ಜಾಕೆಟ್ ಎಳೆದುಕೊಂಡು, ತೋಳಿನ ಸಂದಿನಿಂದ ಅವನ ಕೈಗಳನ್ನೇ ನೋಡತೊಡಗಿದಳು.

ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಕತ್ತಲಿಂದಲೇ ಅವನ ದನಿ ಬಂತು: "ಅಕ್ಕಾ, ನಿದ್ದೆ ಬಂದೋರು ಅಷ್ಟು ಚೆಂದ ಉಸಿರಾಡಲ್ಲ. ಬನ್ನಿ, ಹತ್ರ ಕೂತೇ ಕಾವಲು ಕಾಯಿರಿ."

ಬಿ-ಯುನ್ ಮುಖದ ಮೇಲಿನ ಜಾಕೆಟ್ ತೆಗೆದಳು. ಕುರ್ಚಿ ಎಳೆದುಕೊಂಡು ಹೋದಳು. "ತೋರಿಸು ಮತ್ತೆ. ಏನೇನು ಅಳಿಸ್ತಿದ್ದೀಯ?"

"ನಾನೂ ಆ ಕಳ್ಳನನ್ನೇ ಕಾಯ್ತಿರೋದು."

ಅವನ ಒಂದು ಕೈಯಲ್ಲಿ ಅನ್ನದ ಡಬ್ಬಿ, ಇನ್ನೊಂದರಲ್ಲಿ ಊಟದ ಕಡ್ಡಿಗಳು. ಎರಡು ಕೈಯೂ ಹಾಗಿರುವಾಗಲೇ, ಇಬ್ಬರೂ ನೋಡುತ್ತಿರುವಂತೆಯೇ, ಪರದೆಯ ಮೇಲಿನ ಕಡತ ಮಾಯವಾಯಿತು.

ವೆಂಗ್ ಅಗಿಯುವುದನ್ನು ನಿಲ್ಲಿಸಿದ. "ಅಯ್ಯೋ! ಕಡತದ ಹೆಸರಲ್ಲಿ ವರ್ಷ ಎಷ್ಟಂತ ಇತ್ತು?"

"ನೂರ ಎಂಟು. ನಮ್ಮ ಗಣರಾಜ್ಯ ಹುಟ್ಟಿದಾಗಿಂದ ಎಣಿಸೋ ವರ್ಷ. ಧಣಿಗಳಿಗೆ ಬೇರೆ ಲೆಕ್ಕ ಓದೋಕಾಗಲ್ಲ ಅಂತ ನೀನೇ ಹಾಗೆ ಇಟ್ಟೆಯಲ್ಲ."

"ಜಾಗ ತುಂಬದಿರಲಿ, ತಿಂಗಳಿಗಿಂತ ಹಳೇದನ್ನ ಅಳಿಸು ಅಂತ ಯಂತ್ರಕ್ಕೆ ಹೇಳ್ದೋನೂ ನಾನೇ. ಯಾರೂ ಮುಟ್ಟದ ಹೊತ್ತು ಅಂತ ಈ ನಿದ್ದೆ ಹೊತ್ತೇ ಕೊಟ್ಟೆ. ಯಂತ್ರಕ್ಕೆ ನಮ್ಮ ಗಣರಾಜ್ಯ ಎಲ್ಲಿ ಗೊತ್ತು ಅಕ್ಕ? ಅದರ ಲೆಕ್ಕದಲ್ಲಿ ಈಗ ಎರಡು ಸಾವಿರದ ಹತ್ತೊಂಬತ್ತು. ಇದು ಸಾವಿರದ ಒಂಬೈನೂರು ವರ್ಷ ಹಳೇದು ಅಂದ್ಕೊಂಡು ಗುಡಿಸಿ ಹಾಕ್ತಿದೆ."

"ಅಂದ್ರೆ ಅಳಿಸ್ತಿದ್ದೋನು ನೀನೇ!"

"ನಾನೇ. ಧಣಿ ಹತ್ರ ನಾಳೆ ನಾನೇ ಹೇಳ್ತೀನಿ."

"ನಾಳೆ ಬೇಡ, ತಡಿ. ಮೊದಲು ಒಂದು ದಿನ ಕಡತ ಉಳೀಲಿ."

ಅವನು ವರ್ಷ ತಿದ್ದಿದ. ಮರುದಿನ ಕಡತ ಉಳಿಯಿತು. ಮೀನು ತೂಗುವ ಯಂತ್ರಗಳ ಸಂಪರ್ಕ ಒಮ್ಮೆಲೇ ಕಡಿಯಿತೆಂದೂ, ಅವಕ್ಕಾಗಿ ಕಾಯುತ್ತ ತಂತ್ರಾಂಶ ನಿಂತುಬಿಟ್ಟಿತೆಂದೂ ಅದರಲ್ಲಿ ಬರೆದಿತ್ತು. ಗಳಿಗೆ ನೋಡಿದರೆ, ಸರಿಯಾಗಿ ಕಚೇರಿಯ ದೀಪ ಆರಿದ ಗಳಿಗೆ. ಬಿ-ಯುನ್ ಬಗ್ಗಿ ಗೋಡೆಯ ತಂತಿಯನ್ನು ಬೆರಳಲ್ಲಿ ಹಿಡಿದುಕೊಂಡು ಹೋದಳು. ತೂಕದ ಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸುವ ಸಣ್ಣ ಪೆಟ್ಟಿಗೆಗೆ ಕರೆಂಟು ದೀಪದ ಸಾಲಿನಿಂದಲೇ ಬರುತ್ತಿತ್ತು. ದಿನಾ ಆ ಸ್ವಿಚ್ಚು ಒತ್ತುತ್ತಿದ್ದದ್ದು ಅವಳ ಕೈ.

ಧಣಿಯ ಕೋಣೆಗೆ ವೆಂಗ್‌ಗಿಂತ ಮೊದಲು ಅವಳೇ ಹೋದಳು. ಹೊರಗೆ ಬಂದು, "ಬೈಗುಳ ಅರ್ಧ ನಂಗೆ ಆಯ್ತು. ಇನ್ನರ್ಧ ಇಸ್ಕೊಂಡು ಬಾ, ಹೋಗು. ಕೆಲಸಕ್ಕೇನೂ ಭಯ ಇಲ್ಲ," ಎಂದಳು.

ವೆಂಗ್ ಈಗಲೂ ಅಲ್ಲೇ ಇದ್ದಾನೆ. ಪೆಟ್ಟಿಗೆಗೆ ಬೇರೆ ತಂತಿ ಬಂದಿದೆ, ಲಾರಿಗಳು ಕಾಯುವುದಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅವನು ಅನ್ನದ ಡಬ್ಬಿ ಹಿಡಿದು ಅಂದಂದಿನ ಲಾಗ್ ಓದುತ್ತಾನೆ. ಜಾಕೆಟ್ಟಿನ ಅಡಿಯಿಂದ ಒಂದು ಕಣ್ಣು ಇನ್ನೂ ಅವನ ಕೈಗಳ ಮೇಲಿರುತ್ತದೆ. ಅವನಿಗದು ಗೊತ್ತು, ಆಗಾಗ ಕಡ್ಡಿಗಳನ್ನು ಮೇಲೆತ್ತಿ ತೋರಿಸುತ್ತಾನೆ.