ಎರಡು ವರ್ಷ ಚಿಕ್ಕವನಾದ ಈಶ್ವರ್

ಶಿರಾಳಕೊಪ್ಪದ ನಮ್ಮ ಹೈಸ್ಕೂಲಿನಲ್ಲಿ ಅಜಮತ್ ಉಲ್ಲಾ ಅವರು ಗುಮಾಸ್ತರಾಗಿದ್ದರು. ತಂದೆ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ಮಗನಿಗೂ ಅದೇ ಕೈ ಬಂದಿತ್ತು. ಅವರು ಬರೆದ ನನ್ನ ಟಿ.ಸಿ. ನೋಡಿದ ಕಾಲೇಜಿನವರು ಇದು ಅಚ್ಚು ಹಾಕಿಸಿದ್ದೇ ಎಂದು ಕೇಳಿದ್ದರು. ಒಂಬತ್ತು ವರ್ಷ ದುಡಿದರೂ ಅವರ ಕೆಲಸ ಕಾಯಂ ಆಗಿರಲಿಲ್ಲ.

೧೯೯೨ರ ಬೇಸಿಗೆ ರಜೆಯಲ್ಲಿ ಹೆಡ್‌ಮಾಸ್ಟರು ಅವರನ್ನು ಕರೆಸಿ, ಹಳೆಯ ದಾಖಲಾತಿ ಪುಸ್ತಕಕ್ಕೆ ಗೆದ್ದಲು ಹತ್ತಿದೆ, ಹೊಸದಕ್ಕೆ ನಕಲು ಮಾಡಿ ಎಂದರು. ಗೆದ್ದಲು ಹತ್ತಿದ್ದು ನಿಜ. ನಾಲ್ಕು ದಿನ ಕೂತು ಬರೆದರು. ಐದನೇ ದಿನ ಹೆಡ್‌ಮಾಸ್ಟರು ಬಾಗಿಲು ಹಾಕಿ, ಈಶ್ವರ್ ಎಂಬ ಹಳೆಯ ವಿದ್ಯಾರ್ಥಿಯ ಹೆಸರಿನ ಮೇಲೆ ಬೆರಳಿಟ್ಟರು. ಅವನು ಶಾಲೆಯ ಆಡಳಿತ ಮಂಡಳಿ ಅಧ್ಯಕ್ಷರ ತಂಗಿಯ ಮಗ, ಒಂಬತ್ತನೇ ತರಗತಿಗೇ ಓದು ಬಿಟ್ಟವನು. ಶಿವಮೊಗ್ಗದ ಒಂದು ಕಚೇರಿಯಲ್ಲಿ ಜವಾನನ ಹುದ್ದೆ ಖಾಲಿ ಇತ್ತು. ವಯಸ್ಸು ಇಪ್ಪತ್ತೆಂಟು ದಾಟಿರಬಾರದು, ಇವನಿಗೆ ದಾಟಿತ್ತು.

“ಹುಟ್ಟಿದ ವರ್ಷ ಅರವತ್ತಮೂರು ಇದ್ದದ್ದು ಅರವತ್ತೈದು ಆಗ್ಲಿ,” ಎಂದರು ಹೆಡ್‌ಮಾಸ್ಟರು. “ನಿಮ್ಮ ಕಾಯಂ ಕಾಗದ ಅಧ್ಯಕ್ಷರ ಮೇಜಿನ ಮೇಲೇ ಐತ್ರಿ.”

ಅಜಮತ್ ಬರೆದರು. ಹಳೆಯ ಪುಸ್ತಕವನ್ನು ಸುಡಲು ಹೇಳಿದ್ದರು. ಶಾಲೆಯ ದಾಖಲೆಗೆ ಬೆಂಕಿ ಇಡಲು ಮನಸ್ಸು ಬರದೆ ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದರು. ಜುಲೈನಲ್ಲಿ ಅವರ ಕೆಲಸ ಕಾಯಂ ಆಯಿತು.

ಆಗಸ್ಟಿನಲ್ಲಿ ತಾಳಗುಂದದ ಲೋಕಪ್ಪ ಶಾಲೆಗೆ ಬಂದ. ಅವನು ಈಶ್ವರ್‌ನ ಜೊತೆ ಓದಿದವನು, ಅದೇ ಹುದ್ದೆಯ ಪಟ್ಟಿಯಲ್ಲಿ ಅವನ ನಂತರ ಎರಡನೆಯವನು. ಈಶ್ವರ್ ತನಗಿಂತ ದೊಡ್ಡವನೆಂದು ಅವನಿಗೆ ಖಾತ್ರಿಯಿತ್ತು. ಅಜಮತ್ ಹೊಸ ಪುಸ್ತಕ ತೆಗೆದು ತೋರಿಸಿದರು. ಕೇಳಿದ ನಕಲನ್ನೂ ಬರೆದು ಸೀಲು ಒತ್ತಿ ಕೊಟ್ಟರು. ಹೆಡ್‌ಮಾಸ್ಟರು ಆಗ ಶಾಲೆಯಲ್ಲೇ ಇರಲಿಲ್ಲ. ಯಾರೂ ಒತ್ತಾಯಿಸಿರಲಿಲ್ಲ.

ಲೋಕಪ್ಪ ಆ ಹಾಳೆಯನ್ನು ಬಹಳ ಹೊತ್ತು ನೋಡಿದ. “ನೀವು ಬರೆದಿದ್ದು ಅಂದ್ರೆ ಸರಿನೇ ಇರ್ತದೆ, ಸರ್. ನಾನೇ ತಪ್ಪು ತಿಳ್ಕೊಂಡೆ,” ಎಂದು ಕೈಮುಗಿದು ಹೋದ.

ಹುದ್ದೆ ಈಶ್ವರ್‌ಗೆ ಸಿಕ್ಕಿತು. ಲೋಕಪ್ಪ ಶಿರಾಳಕೊಪ್ಪದ ಸಂತೆಯಲ್ಲಿ ಹಮಾಲಿಗೆ ನಿಂತ. ಬೆನ್ನ ಮೇಲೆ ಮೆಕ್ಕೆಜೋಳದ ಚೀಲವಿದ್ದರೂ ಅಜಮತ್ ಕಂಡರೆ ನಿಂತು ನಮಸ್ಕಾರ ಹೇಳುತ್ತಿದ್ದ. ಅಜಮತ್ ಸಂತೆಗೆ ಹೋಗುವುದನ್ನೇ ಬಿಟ್ಟರು. ಹೆಂಡತಿ ಖುರ್ಷೀದ್ ಬೀ ಕಾರಣ ಕೇಳಿದರೆ ಮಂಡಿನೋವು ಎನ್ನುತ್ತಿದ್ದರು. ಒಂದೂವರೆ ವರ್ಷ ಹೀಗೇ ಕಳೆಯಿತು. ಒಂದು ದಿನ ಆಕೆ ಸಂತೆಯಿಂದ ಬಂದು, ಹಮಾಲಿಯೊಬ್ಬ ತನ್ನ ಚೀಲವನ್ನು ಮನೆತನಕ ಹೊತ್ತು ತಂದ, ಸರ್ ಮನೆಯವರೆಂದು ಕಾಸು ಮುಟ್ಟಲಿಲ್ಲ ಎಂದಳು.

ಅಂದು ಅವರು ಊಟ ಬಿಟ್ಟು ಎಲ್ಲವನ್ನೂ ಹೇಳಿದರು. ಶಿವಮೊಗ್ಗಕ್ಕೆ ಹೋಗಿ ಶಿಕ್ಷಣಾಧಿಕಾರಿಗೆ ಬರೆದುಕೊಡುತ್ತೇನೆ ಎಂದರು. ಖುರ್ಷೀದ್ ಬೀ, ಅಧಿಕಾರಿಗಿಂತ ಮೊದಲು ಅವನಿಗೆ ಹೇಳಬೇಕು ಎಂದಳು.

ಮರುದಿನ ತಾಳಗುಂದಕ್ಕೆ ಹೋದರು. ಲೋಕಪ್ಪನ ತಾಯಿ ದ್ಯಾಮಮ್ಮ ಚಾಪೆ ಹಾಸಿ ಚಹಾ ಕೊಟ್ಟಳು. ಅಜಮತ್ ನಿಂತೇ ಹೇಳಿದರು. ಲೋಕಪ್ಪ ಬಯ್ಯಲಿಲ್ಲ, ಹೊಡೆಯಲು ಎದ್ದೂ ಬರಲಿಲ್ಲ.

“ಅವತ್ತು ನಾನು ಕೇಳಿದಾಗ್ಲೇ ಹೇಳಿದ್ರೆ,” ಎಂದ, “ವಯಸ್ಸು ದಾಟೋಕೆ ನನಗಿನ್ನೂ ಮೂರು ತಿಂಗಳಿತ್ತು, ಸರ್.”

ಅಜಮತ್ ಹಳೆಯ ಪುಸ್ತಕವನ್ನು ಅಧಿಕಾರಿಗೆ ಒಪ್ಪಿಸಿದರು. ಹೆಡ್‌ಮಾಸ್ಟರು ತಮಗೇನೂ ಗೊತ್ತಿಲ್ಲ ಎಂದರು. ಅಕ್ಷರ ಅಜಮತ್ ಅವರದೇ ಆಗಿತ್ತು. ಈಶ್ವರ್‌ನ ಕೆಲಸ ಹೋಯಿತು, ಇವರದೂ ಹೋಯಿತು. ಕೋರ್ಟು ಇವರಿಗೆ ಮೂರು ತಿಂಗಳ ಸಜೆ ಕೊಟ್ಟಿತು. ತೆರವಾದ ಹುದ್ದೆಗೆ ಹೊಸದಾಗಿ ಅರ್ಜಿ ಕರೆಯುವಾಗ ಲೋಕಪ್ಪನಿಗೆ ಮೂವತ್ತು ದಾಟಿತ್ತು.

ಬಿಡುಗಡೆಯಾದ ಮೇಲೆ ಅಜಮತ್ ಸೊರಬಕ್ಕೆ ಮನೆ ಬದಲಿಸಿ, ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆಯಲು ಕೂತರು. ಲೋಕಪ್ಪನಿಗೆ ವಯಸ್ಸಿನ ಸಡಿಲಿಕೆ ಕೋರಿ ಮೂರು ಅರ್ಜಿ ಬರೆದು, ಸಹಿಗಾಗಿ ಖುರ್ಷೀದ್ ಬೀ ಕೈಯಲ್ಲಿ ಒಂದೊಂದಾಗಿ ಕಳಿಸಿದರು. ಮೊದಲೆರಡಕ್ಕೆ ಅವನು ಸಹಿ ಹಾಕಿದ, ಎರಡೂ ತಿರಸ್ಕೃತವಾದವು. ಮೂರನೆಯದನ್ನು ಓದದೆ ಹಿಂದಕ್ಕೆ ಕೊಟ್ಟ. ಆಕೆಗೆ ಊಟ ಹಾಕಿಸಿ, ರಸ್ತೆಯವರೆಗೆ ಬಂದು ಬಸ್ಸು ಹತ್ತಿಸಿದ.