ಕೈಕಟ್ಟಿ ಕೂರುವ ಅಕ್ಕೋರು

ಸಂಶಿ ಹಳ್ಳಿಯ ಆ ಓಣಿಗೆ ಇನ್ನೂ ಬಿಸಿಲು ಇಳಿದಿಲ್ಲ. ಬಚ್ಚಲಲ್ಲಿ ಮುಖ ತೊಳೆದು ಬಂದ ಆರು ವರ್ಷದ ಅಮೃತಾ ಪಡಸಾಲೆಯ ನಡುವೆ ಕುಳಿತು ಹೊಸ ಅಂಗಿಯೊಂದಿಗೆ ಜಗಳಕ್ಕೆ ಬಿದ್ದಿದ್ದಾಳೆ. ಎದುರಿಗೆ ಚಾಪೆಯ ಮೇಲೆ ನಾಜಮೀನ್ ಕುಳಿತಿದ್ದಾರೆ, ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು. ಅಂಗಿ ತಿರುವುಮುರುವಾಗುತ್ತದೆ, ಒಂದು ತೋಳು ಕಾಣೆಯಾಗುತ್ತದೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ತಾಯಿ ನಂದಾ ಅವರಿಗೆ ತಡೆಯಲಾಗುವುದಿಲ್ಲ. ಒಂದು ಹೆಜ್ಜೆ ಮುಂದಿಡುತ್ತಾರೆ. ನಾಜಮೀನ್ ಹುಬ್ಬು ಏರಿಸುತ್ತಾರೆ. ನಂದಾ ಹೆಜ್ಜೆ ಹಿಂದೆ ತೆಗೆದುಕೊಳ್ಳುತ್ತಾರೆ.

“ಮೊದಲ ಯಾವ ಕೈಗೆ ತೋಳು ಹಾಕೂಣು?” ಎಂದು ನಾಜಮೀನ್ ಕುಳಿತಲ್ಲಿಂದಲೇ ಕೇಳುತ್ತಾರೆ.

“ನಿದ್ದಿ ಕೈಗೆ.”

ನಿದ್ದೆಯ ಕೈ ಎಂದರೆ ಅಮೃತಾಳ ಬಲಗೈ. ಹುಟ್ಟಿದ ವಾರದಲ್ಲಿ ಬಂದ ಫಿಟ್ಸಿನ ನಂತರ ಅದು ಮುಷ್ಟಿ ಬಿಗಿದುಕೊಂಡೇ ಇದೆ. ಅಮೃತಾ ಎಡಗೈಯಿಂದ ಅಂಗಿಯ ತೋಳನ್ನು ಬಲಗೈಗೆ ಏರಿಸುತ್ತಾಳೆ, ತಲೆ ತೂರಿಸುತ್ತಾಳೆ, ಕೊನೆಗೆ ಎಡಗೈ ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ. ಅಷ್ಟಾಗುವ ಹೊತ್ತಿಗೆ ಒಲೆಯ ಮೇಲಿನ ಚಹಾ ಉಕ್ಕಿ ಹರಿದಿರುತ್ತದೆ.

“ಸಹಾಯ ಮಾಡೂದು ಭಾಳ ಸಸಾರರಿ” ಎಂದು ನಾಜಮೀನ್ ನಗುತ್ತಾರೆ. “ಸುಮ್ಮನ ಕುಂಡ್ರೂದು ಐತಲ್ಲ, ಅದಕ್ಕ ಜೀವಾ ಹೋಗ್ತೈತಿ. ಅದಕ್ಕ ಕೈ ಕಂಕುಳಾಗ ಇಟಗೋತೀನಿ. ಇಲ್ಲಂದ್ರ ಅವು ನನ್ನ ಮಾತು ಕೇಳಂಗಿಲ್ಲ, ತಾವ ಹೋಗಿ ಗುಂಡಿ ಹಾಕಿಬಿಡ್ತಾವ.”

ಇವತ್ತು ಮಾಮೂಲಿ ದಿನವಲ್ಲ. ಅಮೃತಾ ಇವತ್ತು ಮೊದಲ ಸಲ ಶಾಲೆಗೆ ಹೋಗುತ್ತಿದ್ದಾಳೆ. ಮಧ್ಯಾಹ್ನ ಬಿಸಿಯೂಟಕ್ಕೆ ಮಕ್ಕಳ ಸಾಲಿನಲ್ಲಿ ಕುಳಿತು, ಯಾರೂ ತುತ್ತು ಕೊಡದೆ, ತಾನೇ ಉಣ್ಣಬೇಕು. ಉಂಡರೆ ನಾಳೆಯೂ ಹೋಗುತ್ತಾಳೆ. ಅಳುತ್ತಲೋ ಹಸಿದುಕೊಂಡೋ ಮನೆಗೆ ಬಂದರೆ ಶಾಲೆಯ ಮಾತು ಇನ್ನು ಎತ್ತುವ ಹಾಗಿಲ್ಲ. ಅಜ್ಜಿ ರೇವವ್ವ ಹಾಕಿದ ಷರತ್ತು ಇದು, ಮತ್ತು ಆ ಮನೆಯಲ್ಲಿ ರೇವವ್ವನ ಮಾತಿಗೆ ಎದುರಾಡುವವರು ಇನ್ನೂ ಹುಟ್ಟಿಲ್ಲ.

ನಾಜಮೀನ್ ಓದಿದ್ದು ಆಕ್ಯುಪೇಷನಲ್ ಥೆರಪಿ. ಉಣ್ಣುವುದು, ಉಡುವುದು, ಬರೆಯುವುದು, ಆಡುವುದು, ಹೀಗೆ ದಿನದ ಕೆಲಸಗಳನ್ನು ಮಗು ತನ್ನ ಮೈಗೆ ಒಗ್ಗುವಂತೆ ಮಾಡಿಕೊಳ್ಳಲು ಕಲಿಸುವ ವಿದ್ಯೆ. ಕನ್ನಡದಲ್ಲಿ ಅದಕ್ಕೆ ‘ಉದ್ಯೋಗ’ ಎಂಬ ಪದ ಸೇರಿದ ಗಡಸು ಹೆಸರೂ ಇದೆ. ಆ ಹೆಸರು ಹೇಳಿದರೆ ಜನ ನೌಕರಿ ಕೊಡಿಸುವ ಮೇಡಂ ಎಂದುಕೊಂಡು ಮಗನ ಮಾರ್ಕ್ಸ್ ಕಾರ್ಡ್ ತಂದು ಮುಂದೆ ಹಿಡಿಯುತ್ತಾರೆ. ಹಾಗಾಗಿ ಅವರು ಹೆಸರು ಹೇಳುವುದನ್ನೇ ಬಿಟ್ಟಿದ್ದಾರೆ. ಕುಂದಗೋಳ ತಾಲ್ಲೂಕಿನ ಹಳ್ಳಿಗಳಲ್ಲಿ ಅವರು ‘ಆಟದ ಅಕ್ಕೋರು’.

ಹುಟ್ಟೂರು ನವಲಗುಂದ. ತಾಯಿ ಅಜೀಜಾಬಿ ಜಮಖಾನ ನೇಯುವವರು. ಮಗ್ಗದ ಬುಡದಲ್ಲಿ ಕುಳಿತು ತಾಯಿಯ ಬೆರಳುಗಳು ನೂಲಿನ ನಡುವೆ ಓಡಾಡುವುದನ್ನು ನೋಡುತ್ತಲೇ ನಾಜಮೀನ್ ದೊಡ್ಡವರಾದರು. ಕೈ ಹೇಗೆ ಕೆಲಸ ಮಾಡುತ್ತದೆ ಎಂಬ ಕುತೂಹಲ ಅಲ್ಲಿಂದಲೇ ಬಂದಿರಬೇಕು ಎಂದು ಯಾರಾದರೂ ಹೇಳಿದರೆ ಅವರು ಒಪ್ಪುವುದಿಲ್ಲ. “ಛಲೋ ಅನಸ್ತೈತಿ ಕೇಳಾಕ. ಖರೇ ಏನಂದ್ರ, ನರ್ಸಿಂಗ್ ಸೀಟ್ ಸಿಗಲಿಲ್ಲರಿ. ಇದು ಸಿಕ್ಕತು” ಎನ್ನುತ್ತಾರೆ.

ಓದು ಮುಗಿಸಿ ಹುಬ್ಬಳ್ಳಿಯ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದರು. ಫ್ಯಾನು, ಬಣ್ಣದ ಚೆಂಡು, ಮೆತ್ತನೆಯ ಹಾಸು ಎಲ್ಲವೂ ಅಲ್ಲಿದ್ದವು. ಹಳ್ಳಿಯಿಂದ ಬಸ್ಸು ಹತ್ತಿ ಬಂದ ಮಕ್ಕಳು ಅಲ್ಲಿನ ಹಲಗೆಯ ಮೇಲಿನ ಗುಂಡಿಗಳನ್ನು ಚೆಂದಾಗಿ ಹಾಕುತ್ತಿದ್ದರು, ಮನೆಗೆ ಹೋಗಿ ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ತಾಯಂದಿರ ಉತ್ತರ ಒಂದೇ: ಮುಂಜಾನೆ ಗಡಿಬಿಡಿ, ನಾವೇ ಹಾಕಿಬಿಡುತ್ತೇವೆ. ಆ ಗಡಿಬಿಡಿಯ ಹೊತ್ತಿಗೇ ಮನೆಯಲ್ಲಿರಬೇಕು ಎಂದು ನಾಜಮೀನ್‌ಗೆ ಅನ್ನಿಸಿದ್ದು ಆಗ. ಕೆಲಸ ಬಿಟ್ಟು ಸಣ್ಣದೊಂದು ಸಂಸ್ಥೆ ಸೇರಿದರು, ಕುಂದಗೋಳದಲ್ಲಿ ಕೋಣೆ ಹಿಡಿದರು. “ಅಂಗಿ ಹಾಕ್ಕೊಳ್ಳೂದು ಮುಂಜಾನಿರಿ. ನಾ ಮಧ್ಯಾಹ್ನ ಹೋದ್ರ ಅದು ನಾಟಕ ಆಗ್ತೈತಿ” ಎಂಬುದು ಅವರ ವಾದ.

ಆರು ಗಂಟೆಗೆ ಸ್ಕೂಟರು ಹೊರಡುತ್ತದೆ. ಒಂದು ದಿನ ಸಂಶಿ, ಇನ್ನೊಂದು ದಿನ ಗುಡಗೇರಿ, ನಡುವಿನ ಹಳ್ಳಿಗಳು. ದಿನಕ್ಕೆ ನಾಲ್ಕೈದು ಮನೆ. ಚೀಲದಲ್ಲಿ ಆಟಿಕೆಗಳಿರುವುದು ಕಡಿಮೆ. ಮನೆಯಲ್ಲಿ ಇದ್ದದ್ದರಲ್ಲೇ ಕೆಲಸ. ಶೇಂಗಾ ಸುಲಿಸುತ್ತಾರೆ, ಚರಿಗೆಯಿಂದ ಚರಿಗೆಗೆ ನೀರು ಸುರಿಸುತ್ತಾರೆ, ರೊಟ್ಟಿಯ ಹಿಟ್ಟು ಕೊಟ್ಟು ತಟ್ಟಿಸುತ್ತಾರೆ. ಮಳೆ ಬಿದ್ದ ದಿನ ಮಾತ್ರ ಅವರ ವಿದ್ಯೆ ಏನೂ ನಡೆಯುವುದಿಲ್ಲ. ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಸ್ಕೂಟರು ನಿಂತಲ್ಲೇ ನಿಲ್ಲುತ್ತದೆ. ಮಕ್ಕಳಿಗೆಂದು ಹಿಡಿ ದಪ್ಪ ಮಾಡಿಸಿದ ಚಮಚದಿಂದ ಮಣ್ಣು ಕೆರೆಯುತ್ತಾ ರಸ್ತೆಯ ಬದಿಯಲ್ಲಿ ಕುಳಿತ ಅವರನ್ನು ಆ ಭಾಗದ ಟ್ರ್ಯಾಕ್ಟರಿನವರೆಲ್ಲ ಕಂಡಿದ್ದಾರೆ.

ಅಮೃತಾಳ ಮನೆಗೆ ಅವರು ಮೊದಲು ಬಂದದ್ದು ಹೋದ ದೀಪಾವಳಿಯ ಆಸುಪಾಸು. ಹುಡುಗಿಯನ್ನು ಅಂಗನವಾಡಿಗೂ ಕಳಿಸಿರಲಿಲ್ಲ. ಕಾರಣ ಕಾಲಲ್ಲ, ಮಾತಲ್ಲ, ಎರಡೂ ಚುರುಕಾಗಿದ್ದವು. ಕಾರಣ ಊಟ. ಕೈಗೆ ಸಿಕ್ಕಿದ್ದನ್ನು ಅಮೃತಾ ಎಡಗೈಯಿಂದ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ರೇವವ್ವ ಆ ಕೈಗೆ ಮೆಲ್ಲಗೆ ಒಂದು ಏಟು ಹಾಕಿ, ತಾವೇ ತುತ್ತು ಮಾಡಿ ಉಣಿಸುತ್ತಿದ್ದರು. ಮನೆತನ ಕಟ್ಟುನಿಟ್ಟಿನದು. ಮೊಮ್ಮಗಳು ಊರವರ ಮುಂದೆ ಎಡಗೈಯಲ್ಲಿ ಉಣ್ಣುವುದನ್ನು ನೋಡುವುದಕ್ಕಿಂತ ಜೀವ ಇರುವ ತನಕ ತಾವೇ ಉಣಿಸುವುದು ಅವರಿಗೆ ಮೇಲಾಗಿತ್ತು. ಅದರಲ್ಲಿ ಅಕ್ಕರೆಯೇ ತುಂಬಿತ್ತು ಎಂಬುದನ್ನು ನಾಜಮೀನ್ ಇಂದಿಗೂ ಒತ್ತಿ ಹೇಳುತ್ತಾರೆ.

ಬಲಗೈಯನ್ನು ಎಬ್ಬಿಸಲು ಒಂದು ಉಪಾಯವಿದೆ. ಆಟದ ಹೊತ್ತಿನಲ್ಲಿ ಸ್ವಲ್ಪ ಕಾಲ ಚುರುಕು ಕೈಗೆ ಕಾಲುಚೀಲ ತೊಡಿಸಿ ರಜೆ ಕೊಡುವುದು. ಆಗ ಸೋಮಾರಿ ಕೈ ಅನಿವಾರ್ಯವಾಗಿ ಮುಂದೆ ಬರುತ್ತದೆ. ನಾಜಮೀನ್ ಹಾಗೇ ಮಾಡಿದರು, ಆಟದಲ್ಲಿ ಮಾತ್ರ ಎಂದು ಹೇಳಿಯೂ ಹೇಳಿದರು. ರೇವವ್ವನ ಕಿವಿಗೆ ಬಿದ್ದದ್ದು ಬೇರೆ. ಎಡಗೈ ಬೇಡ ಎಂದು ಇಷ್ಟು ವರ್ಷ ತಾವು ಹೇಳುತ್ತಿದ್ದದ್ದನ್ನೇ ಓದಿದ ಅಕ್ಕೋರೂ ಹೇಳಿದರು ಎಂದು ಅವರು ಹಿಗ್ಗಿದರು. ಹಳೆಯ ಇಳಕಲ್ ಸೀರೆಯ ಸೆರಗು ಕತ್ತರಿಸಿ, ಲಾಡಿ ಹಾಕಿ, ಪುಟ್ಟದೊಂದು ಚೀಲ ಹೊಲಿದರು.

ಮರೆತು ಹೋದ ಹೆಲ್ಮೆಟ್ಟಿಗಾಗಿ ನಾಜಮೀನ್ ಒಂದು ಮಧ್ಯಾಹ್ನ ಹೇಳದೆ ಕೇಳದೆ ಆ ಮನೆಗೆ ಹಿಂತಿರುಗಿದಾಗ ಅಮೃತಾ ತಾಟಿನ ಮುಂದೆ ಕುಳಿತಿದ್ದಳು. ಎಡಗೈ ಚೀಲದೊಳಗೆ, ಲಾಡಿ ಮಣಿಕಟ್ಟಿಗೆ ಬಿಗಿಯಾಗಿ. ಬಲಗೈ ಮುಷ್ಟಿ ಅನ್ನದ ಮೇಲೆ ಸುಮ್ಮನೆ ಬಿದ್ದಿತ್ತು. ಹುಡುಗಿ ಅಳುತ್ತಲೂ ಇರಲಿಲ್ಲ, ಬಾಯಿ ಬಿಗಿದು ಗೋಡೆ ನೋಡುತ್ತಿದ್ದಳು. ಅಜ್ಜಿ ಕೊಟ್ಟ ತುತ್ತನ್ನೂ ಈಗ ಆಕೆ ಒಲ್ಲೆ ಎನ್ನುತ್ತಿದ್ದಳು.

“ನೀವು ಹೇಳಿದಂಗ ಮಾಡಾಕತ್ತೀನಿ ನೋಡ್ರಿ ಅಕ್ಕೋರ” ಎಂದರು ರೇವವ್ವ, ಹೆಮ್ಮೆಯಿಂದ.

“ಎದಿ ಧಸಕ್ಕಂತು” ಎನ್ನುತ್ತಾರೆ ನಾಜಮೀನ್. “ಹದಿನೈದು ದಿನದಾಗ ಕೂಸು ಅರ್ಧ ಆಗಿತ್ತು. ಮುಂಜಾನಿ ಬಂದು ಅಂಗಿ ನೋಡಾಕಿ ನಾ, ಮುಖ ನೋಡಿದ್ದಿಲ್ಲ.”

ಆ ಗಾಬರಿಯಲ್ಲಿ ಅವರು ಆಡಬಾರದ ಮಾತು ಆಡಿದರು: ಎಡಗೈಲೇ ಉಣ್ಣಲಿ ಬಿಡ್ರಿ. ರೇವವ್ವ ಅಲ್ಲಿಗೆ ಮುಖ ಗಂಟಿಕ್ಕಿದರು. “ನಿಮ್ಮ ಮನ್ಯಾಗ ಎಡಗೈಲೆ ಉಣ್ತಾರೇನ್ರಿ?” ಎಂದು ಕೇಳಿದರು. ಸುಳ್ಳು ಹೇಳಲು ನಾಜಮೀನ್‌ಗೆ ಬಾಯಿ ಬರಲಿಲ್ಲ. “ಇಲ್ಲರಿ ಅಮ್ಮಾರ. ನಮ್ಮಲ್ಲೂ ಉಣ್ಣಂಗಿಲ್ಲ. ನಾನೂ ಸಣ್ಣಾಕಿದ್ದಾಗ ಬೈಸಿಕೊಂಡೇನಿ.” ಅದೊಂದು ಮಾತಿನಿಂದಲೇ ಇರಬೇಕು, ಬಾಗಿಲು ಪೂರ್ತಿ ಬಂದಾಗಲಿಲ್ಲ. ಚೀಲ ಬಿಚ್ಚಲು ರೇವವ್ವ ಒಪ್ಪಿದರು, ಎಡಗೈ ಊಟಕ್ಕೆ ಒಪ್ಪಲಿಲ್ಲ.

ಆಮೇಲಿನ ದಿನಗಳಲ್ಲಿ ನಾಜಮೀನ್ ಊಟದ ಮಾತನ್ನೇ ಎತ್ತಲಿಲ್ಲ. ಅಂಗಿ ಹಾಕಿಸಿದರು, ಶೇಂಗಾ ಸುಲಿಸಿದರು. ಅಜ್ಜಿ ಉಣಿಸುವಾಗ ಬಲಗೈ ಸುಮ್ಮನೆ ತಾಟಿನ ಅಂಚು ಹಿಡಿದಿರಲಿ ಎಂದು ಮಾತ್ರ ಕೇಳಿಕೊಂಡರು. ಬೆಳಿಗ್ಗೆ ಬೇಗ ಬಂದರೆ ರೇವವ್ವನ ಪೂಜೆ ಮುಗಿಯುವ ತನಕ ಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದರು. ತೆರೆದ ಬಾಗಿಲಿನಿಂದ ಎಲ್ಲವೂ ಕಾಣುತ್ತಿತ್ತು. ಕೊರಳಿನ ಬೆಳ್ಳಿಯ ಕರಡಿಗೆಯಿಂದ ರೇವವ್ವ ಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಳ್ಳುತ್ತಿದ್ದರು. ಬಲಗೈಯಿಂದ ವಿಭೂತಿ, ಹೂವು. ನೋಡಿದ ಮೊದಲ ದಿನವೇ ನಾಜಮೀನ್‌ಗೆ ಹೊಳೆಯಬೇಕಾದದ್ದು ಹೊಳೆಯಿತು. ಹೇಳಿಬಿಡಲೇ ಎಂದು ನಾಲಿಗೆ ತುದಿಗೂ ಬಂತು.

“ಹೇಳಲಿಲ್ಲರಿ. ಅವರ ದೇವರನ್ನ ಹಿಡಕೊಂಡು ನಾ ವಾದಾ ಮಾಡಬಾರದಲ್ಲ. ನನ್ನ ಮಾತು ಗೆದ್ರೂ ಅವರ ಮನಸ್ಸು ಮುರೀತಿತ್ತು” ಎನ್ನುತ್ತಾರೆ. ತಿಂಗಳುಗಟ್ಟಲೆ ಆ ಮಾತನ್ನು ನುಂಗಿಕೊಂಡು ಅವರು ಕಟ್ಟೆಯ ಮೇಲೆ ಕುಳಿತರು. ಇಷ್ಟು ತಾಳ್ಮೆ ಎಲ್ಲಿಂದ ತರುತ್ತಾರೋ, ನೋಡುವವರಿಗೇ ಸಿಟ್ಟು ಬರಬೇಕು.

ಯುಗಾದಿ ಕಳೆದ ಮೇಲೆ ಒಂದು ಮುಂಜಾನೆ ಒಳಗಿನಿಂದ ರೇವವ್ವ ಕರೆದರು. ಪೂಜೆ ಆಗಷ್ಟೇ ಮುಗಿದಿತ್ತು. ಅವರ ಮಡಿಲಲ್ಲಿ ಆ ಇಳಕಲ್ ಸೀರೆಯ ಚೀಲವಿತ್ತು; ಟ್ರಂಕಿನಲ್ಲಿ ಏನೋ ಹುಡುಕುವಾಗ ಹಿಂದಿನ ದಿನ ಸಿಕ್ಕಿತ್ತಂತೆ. “ಐವತ್ತು ವರ್ಷ ಆತ್ರಿ ಅಕ್ಕೋರ, ಲಿಂಗಾ ಈ ಕೈ ಮ್ಯಾಲ ಕುಂತು” ಎಂದು ಎಡ ಅಂಗೈ ಚಾಚಿದರು. “ಲಿಂಗಕ್ಕ ಆಗೂ ಕೈ ನನ್ನ ಕೂಸಿನ ಬಾಯಿಗೆ ಹೆಂಗ ಹೊಲಸಾತು? ನಾ ಅದಕ್ಕ ಚೀಲಾ ಹೊಲದ್ಯಾ!” ಅಷ್ಟು ಗಟ್ಟಿ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾಜಮೀನ್ ಅವರ ಬಾಜೂಕ್ಕೆ ಕುಳಿತು ತಾವೂ ಅತ್ತರು. ಏನಾಯಿತೆಂದು ತಿಳಿಯದ ಅಮೃತಾ ಇಬ್ಬರಿಗೂ ನೀರು ತಂದು ಕೊಟ್ಟಳು.

ರೇವವ್ವ ಸೋತರೂ ಷರತ್ತಿಲ್ಲದೆ ಸೋಲುವವರಲ್ಲ. ಉಣ್ಣುವ ಮುನ್ನ ಬಲಗೈಯಿಂದ ತಾಟು ಮುಟ್ಟಿ, ಅದನ್ನು ಹಣೆಗೆ ಹಚ್ಚಿಕೊಳ್ಳಬೇಕು. ಆಮೇಲೆ ಬೇಕಾದರೆ ಎಡಗೈಯಲ್ಲಿ ಉಣ್ಣಲಿ ಎಂದರು. ನಾಜಮೀನ್ ತಲೆ ಬಗ್ಗಿಸಿ ಒಪ್ಪಿಕೊಂಡರು, ಒಳಗೊಳಗೇ ಕುಣಿದರು. ಆ ಬಿಗಿದ ತೋಳನ್ನು ಹಣೆಯ ತನಕ ಏರಿಸಲು ಅವರು ಹೂಡಿದ ಆಟಗಳೆಲ್ಲ ಸೋತಿದ್ದವು. ಅಜ್ಜಿಯ ಅಪ್ಪಣೆಗೆ ಅದು ದಿನಕ್ಕೆ ಮೂರು ಹೊತ್ತು ಏರತೊಡಗಿತು.

ಈಗ ಮಧ್ಯಾಹ್ನ. ಶಾಲೆಯ ಕಾಂಪೌಂಡಿನ ಹೊರಗೆ ನಾಜಮೀನ್ ನಿಂತಿದ್ದಾರೆ. ಕಿರಾಣಿ ಅಂಗಡಿಗೆಂದು ಹೊರಟ ರೇವವ್ವ ಅದು ಹೇಗೋ ಅಲ್ಲೇ ಬಂದು ನಿಂತಿದ್ದಾರೆ. ವರಾಂಡದಲ್ಲಿ ಮಕ್ಕಳ ಸಾಲು. ಅಡುಗೆಯ ಮಲ್ಲಕ್ಕ ಅನ್ನ ಬಡಿಸಿ, ಮೇಲೆ ಸಾಂಬಾರು ಹಾಕಿ ಮುಂದೆ ಹೋಗುತ್ತಾರೆ. ತಾಟು ಜಾರದಂತೆ ಕೆಳಗೆ ಒದ್ದೆ ಬಟ್ಟೆಯ ತುಂಡು. ಅಮೃತಾಳ ಮುಷ್ಟಿ ತಾಟಿನ ಅಂಚು ಮುಟ್ಟುತ್ತದೆ, ಹಣೆಗೆ ಏರುತ್ತದೆ, ಮತ್ತೆ ಇಳಿದು ಅಂಚನ್ನು ಒತ್ತಿ ಹಿಡಿಯುತ್ತದೆ. ಎಡಗೈ ಅನ್ನ ಕಲಸುತ್ತದೆ.

“ಟೀಚರ್, ಈಕಿ ಎಡಗೈಲೆ ಉಣ್ಣಾಕತ್ತಾಳ್ರಿ!” ಎಂದು ಪಕ್ಕದ ಹುಡುಗಿ ಕೂಗುತ್ತಾಳೆ.

ಸಾಲೆಲ್ಲ ತಿರುಗಿ ನೋಡುತ್ತದೆ. ಅಮೃತಾಳ ಕೈ ಬಾಯಿಯ ಹತ್ತಿರ ನಿಂತುಬಿಡುತ್ತದೆ. ರೇವವ್ವ ಗೇಟಿನ ಕಡೆಗೆ ಒಂದು ಹೆಜ್ಜೆ ಇಡುತ್ತಾರೆ. ನಾಜಮೀನ್ ಅವರ ಮುಂಗೈ ಹಿಡಿದು ತಡೆಯುತ್ತಾರೆ.

“ಇದು ತಾಟು ಹಿಡಿಯೋ ಕೈ” ಎನ್ನುತ್ತಾಳೆ ಅಮೃತಾ, ಮುಷ್ಟಿ ತೋರಿಸಿ. “ಇದು ಉಣ್ಣೋ ಕೈ. ನಮ್ಮಜ್ಜಿ ಹೇಳ್ಯಾಳ.”

ಅಜ್ಜಿ ಹೇಳಿದ ಮೇಲೆ ಮಾತೇನಿದೆ? ಕೂಗಿದ ಹುಡುಗಿ ತನ್ನ ತಾಟಿಗೆ ಮರಳುತ್ತಾಳೆ. ರೇವವ್ವ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಆತು ನಿಲ್ಲುತ್ತಾರೆ. ಅನ್ನ ಚೆಲ್ಲುತ್ತದೆ, ಗಲ್ಲಕ್ಕೆ ಮೆತ್ತುತ್ತದೆ, ಹೊಸ ಅಂಗಿಯ ಮೇಲೆ ಸಾಂಬಾರು ಸುರಿಯುತ್ತದೆ. ತಾಟು ಖಾಲಿಯಾಗುತ್ತದೆ. ಮಲ್ಲಕ್ಕ ಎರಡನೇ ಸುತ್ತಿಗೆ ಬಂದಾಗ ಅಮೃತಾ ಮುಷ್ಟಿಯಿಂದಲೇ ತಾಟನ್ನು ಮುಂದೆ ತಳ್ಳಿ, ಹೊರಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳುತ್ತಾಳೆ:

“ನನಗಿನ್ನಷ್ಟ ಹಾಕ್ರಿ.”

ನಾಜಮೀನ್ ಹೆಲ್ಮೆಟ್ಟು ತೊಟ್ಟು ಸ್ಕೂಟರಿನತ್ತ ನಡೆಯುತ್ತಾರೆ. ಗುಡಗೇರಿಯಲ್ಲಿ ಇನ್ನೊಂದು ಮನೆ ಕಾಯುತ್ತಿದೆ. ಕೀಲಿ ತಿರುಗಿಸುವ ಮುನ್ನ ಶಾಲೆಯ ಕಡೆ ತಿರುಗಿ ನಗುತ್ತಾರೆ.

“ತಾಟು ಹಿಡಿಯೂದು ನಾ ಕಲಿಸಿದೆ. ಹಣಿಗೆ ಹಚ್ಚೂದು ಅಮ್ಮಾರು ಕಲಿಸಿದ್ರು. ಇನ್ನಷ್ಟ ಹಾಕ್ರಿ ಅಂದ್ಲಲ್ಲ, ಅದನ್ನ ಯಾರೂ ಕಲಿಸಿದ್ದಿಲ್ಲರಿ.”