ಬಿದ್ದದ್ದು ಹಡಗಿನೊಳಗೆ

ಸಮೀರವಾಡಿಯ ಕಾರ್ಖಾನೆಯಿಂದ ಸಕ್ಕರೆ ಲಾರಿ ಹೊರಟರೆ ನನ್ನ ಕಣ್ಣು ಇಂದಿಗೂ ಮೊದಲು ಹೋಗುವುದು ಚೀಲದ ಹೊಲಿಗೆಯ ಮೇಲೆ. ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೆ ಗೋವಾದ ಬಂದರಿನಲ್ಲಿ, ಹಡಗಿನ ಹೊಟ್ಟೆಯೊಳಗೆ ಚೀಲಗಳನ್ನು ಗೋಡೆ ಕಟ್ಟಿದಂತೆ ಒಟ್ಟುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ.

ನಮ್ಮ ಗ್ಯಾಂಗಿನವರೆಲ್ಲ ಮುಧೋಳ, ಬೀಳಗಿ, ಬನಹಟ್ಟಿ ಕಡೆಯವರೇ. ನಮ್ಮಲ್ಲೊಂದು ರೂಢಿ ಇತ್ತು: ಎಂಥ ಪೆಟ್ಟಾದರೂ ಹಡಗಿನಿಂದ ಸ್ವಂತ ಕಾಲಿನ ಮೇಲೆ ಇಳಿಯಬೇಕು. ಬೇರೆಯವರ ಹೆಗಲ ಮೇಲೆ ಇಳಿದವನನ್ನು 'ಚೀಲ' ಎಂದು ತಿಂಗಳುಗಟ್ಟಲೆ ಕಾಡುತ್ತಿದ್ದರು.

ಒಂದು ಮುಂಜಾನೆ ಹಡಗಿನ ಒಳಏಣಿಯ ಮೆಟ್ಟಿಲು ಮುರಿದು ಬಿದ್ದೆ. ಬಲಗಾಲಿನ ಹರಡು, ಪಾದದ ಮೇಲಿನ ಗಂಟು, ಮುರಿಯಿತು. ಆಚೆಯ ಏಣಿಯನ್ನು ಕೈಬಲದ ಮೇಲೆ ಹತ್ತಿ, ಕುಂಟುತ್ತ ಹಡಗು ನಿಂತ ದಡದ ಧಕ್ಕೆಗೆ ಇಳಿದು, ಅಲ್ಲಿ ಕುಸಿದು ಕುಳಿತೆ.

ಗುತ್ತಿಗೆದಾರರ ಗುಮಾಸ್ತರು ನಮ್ಮ ಜಮಖಂಡಿಯವರು. ಹಡಗಿನ ಅಧಿಕಾರಿಯ ಹತ್ತಿರ ಹೋಗಿ ಸಿಟ್ಟಿನಿಂದ ಮರಳಿದರು.

"ತಮ್ಮ ಹಡಗದಾಗ ಯಾರೂ ಬಿದ್ದಿಲ್ಲಂತ. ಧಕ್ಕಿ ಮ್ಯಾಲೆ ಬಿದ್ದಾನ, ನಾವೇ ಕಣ್ಣಾರೆ ನೋಡೇವಿ ಅಂತಾನ. ಅಲ್ಲಲೇ, ಬಿದ್ದಲ್ಲೇ ಬಿದ್ದಿರಾಕ ಏನಾಗಿತ್ತು ನಿನಗ?"

"ನಾ ನಡದು ಬಂದೇನ್ರಿ," ಎಂದೆ.

"ಅದೇ ತಪ್ಪಾತು. ಏಣಿ ಅವರದು. ಅವರ ಪುಸ್ತಕದಾಗ ಬರದ್ರ ನಿನ್ನ ಕಾಲಿನ ಆಪರೇಷನ್ ಅವರ ಮ್ಯಾಲೆ. ಸಂಜಿಕೆ ಹಡಗ ಹೊಂಟ ಮ್ಯಾಲೆ ಯಾರನ್ನ ಕೇಳ್ತಿ, ಸಮುದ್ರಾನ?"

ಆಪರೇಷನ್ ಆಗದಿದ್ದರೆ ಕಾಲು ಸೊಟ್ಟಗಾಗಿಯೇ ಕೂಡುತ್ತದೆ ಎಂದು ಧಕ್ಕೆಗೇ ಬಂದು ನೋಡಿದ ಬಂದರಿನ ಡಾಕ್ಟರು ಹೇಳಿದ್ದರು. ತೇರದಾಳದ ಹಿರಿಯನೊಬ್ಬ ಕುರ್ಚಿ ತಂದಿಟ್ಟ.

"ಕುಂದ್ರಲೇ. ಬಿದ್ದ ಜಾಗಾ ತೋರಿಸಿ ಬರೂಣು."

ನಾನು ಕೂಡಲಿಲ್ಲ. ನಾಲ್ವರು ಹಿಡಿದು ಕೂರಿಸಿ ಹೆಗಲಿಗೇರಿಸಿದರು.

"ದಾರಿ ಬಿಡ್ರಿ, ಚೀಲ ಬಂತು," ಎಂದ ಒಬ್ಬ. ಇಡೀ ಧಕ್ಕೆ ನಕ್ಕಿತು. ನಾನು ತಲೆ ತಗ್ಗಿಸಿದೆ.

ಮೇಲೆ, ಒಳಗಿಳಿಯುವ ಬಾಯಿಯ ಅಂಚಿನಲ್ಲಿ ಕುಳಿತು ಬೆರಳು ಮಾಡಿದೆ. ಅಧಿಕಾರಿ ಬ್ಯಾಟರಿಯ ಬೆಳಕು ಬಿಟ್ಟ. ಏಣಿಯಲ್ಲಿ ಒಂದು ಹಲ್ಲು ಉದುರಿದಂಥ ಸಂದು. ಕೆಳಗೆ ಚೀಲಗಳ ಮೇಲೆ ತುಕ್ಕು ಹಿಡಿದ ಕಬ್ಬಿಣದ ತುಂಡು. ಅವನು ಹಡಗಿನ ಪುಸ್ತಕ ತರಿಸಿದ.

ಬರೆದದ್ದು ಇಂಗ್ಲಿಷಿನಲ್ಲಿ. ಗುಮಾಸ್ತರಿಂದ ಎರಡು ಸಲ ಓದಿಸಿದೆ.

"ಹಡಗಿನೊಳಗ ಅಂತ ಐತೇನ್ರಿ?"

"ಐತಿ. ಸಹಿ ಮಾಡು."

ಕಾಲಿಗೆ ರಾಡು ಹಾಕಿದರು, ಹಡಗಿನವರೇ ನೋಡಿಕೊಂಡರು. ಮತ್ತೆ ಹಡಗು ಹತ್ತಲಾಗಲಿಲ್ಲ. ಈಗ ಮಹಾಲಿಂಗಪುರದ ಬೆಲ್ಲದ ಅಂಗಡಿಯಲ್ಲಿ ತೂಕ ಮಾಡುತ್ತೇನೆ, ನೇರವಾಗಿ ನಿಂತು. ಬಸ್ ಸ್ಟ್ಯಾಂಡಿನಲ್ಲಿ ಆ ನಾಲ್ವರಲ್ಲಿ ಯಾರಾದರೂ ಸಿಕ್ಕರೆ ಕಾಲು ಹೇಗಿದೆ ಎಂದು ಕೇಳುವುದಿಲ್ಲ. ಹೆಗಲು ತಿಕ್ಕಿಕೊಳ್ಳುತ್ತ, "ಭಾಳ ಭಾರ ಇದ್ದೆಲೇ ಅವತ್ತ," ಅನ್ನುತ್ತಾರೆ. ಚಹಾಕ್ಕೆ ಕರೆದೊಯ್ಯುತ್ತೇನೆ.